ಕಂಬಿ ಬೀಮಿನೊಳಗೇ ಇತ್ತು

ನೀನು ಕಂಬಿ ಕದ್ದಿರಲಿಲ್ಲ, ಮುನಿರಾಜಣ್ಣ. ಜಕ್ಕೂರಿನ ನನ್ನ ಸೈಟಿನಲ್ಲಿ, ಅಷ್ಟೂ ಜನ ಕೂಲಿಯವರ ಮುಂದೆ ನಿನ್ನನ್ನು ಕಳ್ಳ ಅಂದವಳು ನಾನು — ಅದು ಸುಳ್ಳು. ಈ ಸಲ ಆಯುಧಪೂಜೆ ಆದಮೇಲೆ ಇನ್ನೊಂದು ಸುಳ್ಳು ಹೇಳಿದೆ. ಮೊದಲನೆಯದನ್ನು ಗೊತ್ತಿಲ್ಲದೆ ಹೇಳಿದೆ ಅಂತ ಬೇಕಾದರೆ ವಾದ ಮಾಡಬಹುದು. ಎರಡನೆಯದನ್ನು ಚೆನ್ನಾಗಿ ಗೊತ್ತಿದ್ದೇ ಹೇಳಿದೆ.

ನಿನಗೆ ನೆನಪಿರುತ್ತೆ, ನಮ್ಮಪ್ಪನ ರಾಗಿ ಹೊಲದ ಮೇಲೆ ಐದಂತಸ್ತು ಎಬ್ಬಿಸಲು ಹೊರಟಾಗ ಊರೇ ನಕ್ಕಿತ್ತು. 'ಜಯಮ್ಮಂಗೆ ಯಾಕ್ ಬೇಕಿತ್ತು ಇದೆಲ್ಲ, ಯಾರಾದ್ರೂ ಬಿಲ್ಡರಿಗೆ ಕೊಟ್ಟು ತೆಪ್ಪಗಿರಬಾರ್ದಾ' ಅಂದವರೇ ಎಲ್ಲ. ನಾನು ಸೆರಗು ಸಿಕ್ಕಿಸಿಕೊಂಡು ನಾನೇ ನಿಂತೆ. ಕಂಬಿ ಕಟ್ಟೋಕೆ ದಾಸರಹಳ್ಳಿಯಿಂದ ನಿನ್ನನ್ನು ಕರೆಸಿದೆ. ಹೆಂಗಸು ಅಂತ ಯಾರಾದರೂ ಸಸಾರ ಮಾಡಿಬಿಟ್ಟಾರು ಅನ್ನೋ ಉರಿ ನನಗೆ ಬೆಳಗಿನಿಂದ ಸಂಜೆವರೆಗೂ. ಎದುರು ಮಾತಾಡಿದವರ ಕಥೆ ಅಲ್ಲಿಗೆ ಮುಗೀತು.

ನೀನು ಎದುರು ಮಾತಾಡಿದೆ. ಬೀಮಿನ ಕೆಳಗಿನ ಕಂಬಿಯನ್ನು ಕಂಬದ ಹತ್ತಿರ ಬಂದಾಗ ಅಲ್ಲೇ ನಿಲ್ಲಿಸು, ಒಳಗೆ ಹಾಯಿಸೋದು ದಂಡ ಅಂದಿದ್ದೆ ನಾನು. ಕಂಬಿಗೂ ಕಾಂಕ್ರೀಟ್ ಸುರಿಯೋ ಅಚ್ಚಿನ ಹಲಗೆಗೂ ನಡುವೆ ಜಲ್ಲಿ ಚೂರು ಇಟ್ಟರೆ ಸಾಕು ಅಂದಿದ್ದೆ. ಪಕ್ಕದ ಸೈಟಿನಲ್ಲಿ ಹಾಗೇ ಮಾಡುತ್ತಿದ್ದರಲ್ಲ! ನೀನು ನಕ್ಷೆ ಬಿಚ್ಚಿ ತೋರಿಸಿದೆ.

'ಇಂಗೇ ಬರ್ದವ್ರೆ ಅಕ್ಕಾ. ಕಂಬಿ ಈ ಕಡೆಯಿಂದ ಆ ಕಡೆಗೆ ದಾಟಿ ಓಗ್ಬೇಕು. ನಾಳೆ ಒಂದ್ ಕಂಬ ಓದ್ರೂ ಮನೆ ನಿಲ್ಬೇಕಲ್ವಾ?'

'ಕಂಬ ಎಲ್ಲಿಗಯ್ಯ ಹೋಗುತ್ತೆ? ಕಾಲು ಬಂದು ನಡ್ಕೊಂಡು ಹೋಗುತ್ತಾ?' ಅಂತ ರೇಗಿದೆ. ಎಲ್ಲರೂ ನಕ್ಕರು. ನೀನು ನಗಲಿಲ್ಲ.

ಅಲ್ಲಿಂದಾಚೆ ಮಾತಾಡದೆ ನಿನ್ನ ಪಾಡಿಗೆ ನೀನು ನಕ್ಷೆಯಂತೆ ಕಟ್ಟುತ್ತಾ ಹೋದೆ. ನನಗೆ ಗೊತ್ತಾಗಲಿಲ್ಲ — ಏಣಿ ಹತ್ತಿ ನೋಡಿದ್ದರೆ ತಾನೇ? ಕೆಳಗೆ ನಿಂತು ಕೂಗಾಡೋದನ್ನೇ ಉಸ್ತುವಾರಿ ಅಂದುಕೊಂಡಿದ್ದೆ. ಕೊನೆಯ ತಾರಸಿ ಹಾಕಿದ ಮಾರನೇ ದಿನ ನೋಡಿದರೆ, ನಾನು ಹೇಳಿದಂತೆ ಕಟ್ಟಿದ್ದರೆ ಉಳಿದಿರಬೇಕಾಗಿದ್ದ ಕಂಬಿ ಇಲ್ಲ. ಕಂಬಿ ಪೇರಿಸುತ್ತಿದ್ದ ಮೂಲೆ ಖಾಲಿ.

'ಮನೇಗ್ ಒಯ್ದಿಲ್ಲ ಅಕ್ಕಾ, ಬೀಮೊಳಗೇ ಐತೆ. ಬೇಕಾದ್ರೆ ಒಡ್ದು ನೋಡಿ.'

'ಕಳ್ಳ' ಅಂದೆ.

ಆ ಗಳಿಗೆಯಲ್ಲೇ ನಿನ್ನ ಮಾತು ನಿಜವಿರಬಹುದು ಅಂತ ಒಳಗೆ ಅನ್ನಿಸಿತ್ತು, ಮುನಿರಾಜಣ್ಣ. ಆದರೆ ನಿಜವಾದರೆ — ನನ್ನ ಮಾತು ಮೀರಿದ್ದೀಯ ಅಂತಾಯಿತಲ್ಲ. ಅದಕ್ಕಿಂತ ನೀನು ಕಳ್ಳನಾಗೋದೇ ನನಗೆ ಹಗುರವಾಗಿ ಕಂಡಿತು. ನೀನು ಕಂಬಿ ಕಟ್ಟುವ ಕೊಕ್ಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದೆ. ಆಮೇಲೆ ಹೆಬ್ಬಾಳದಿಂದ ಯಲಹಂಕದವರೆಗೆ ಯಾವ ಸೈಟಿನವರೂ ನಿನ್ನನ್ನು ಹತ್ತಿರ ಸೇರಿಸಲಿಲ್ಲ. ದಾಸರಹಳ್ಳಿಯಲ್ಲಿ ಕಿಟಕಿ ಗ್ರಿಲ್ ಅಂಗಡಿ ಇಟ್ಟಿದ್ದಾನೆ ಅಂತ ಯಾರೋ ಹೇಳಿದಾಗ, ಸದ್ಯ, ಹೊಟ್ಟೆಪಾಡಿಗೆ ದಾರಿಯಾಯಿತಲ್ಲ ಅಂತ ಸುಮ್ಮನಾದೆ. ಎಷ್ಟು ಸುಲಭವಾಗಿ ಸುಮ್ಮನಾದೆ!

ಹನ್ನೊಂದು ವರ್ಷ.

ಈ ಆಯುಧಪೂಜೆಗೆ ನಮ್ಮ ಟಿಪ್ಪರ್ ಲಾರಿಯನ್ನು ಪೂರ್ವಕ್ಕೇ ಮುಖ ಮಾಡಿ ನಿಲ್ಲಿಸಬೇಕು ಅಂತ ಹಟ ಹಿಡಿದವಳು ನಾನು. ಪೂರ್ವಕ್ಕೆ ಏನಿದೆ? ನಮ್ಮ ಬಿಲ್ಡಿಂಗೇ ಇದೆ. ಡ್ರೈವರ್ ಊರಿಗೆ ಹೋಗಿದ್ದ, ನನ್ನ ತಮ್ಮ ಪ್ರಕಾಶ ಹತ್ತಿ ಕೂತ. ಗಾಜಿನ ತುಂಬ ಚೆಂಡುಹೂವಿನ ಹಾರ, ಎರಡೂ ಕಡೆ ಬಾಳೆಕಂದು, ಪೂಜೆ ಅಂತ ಬರಿಗಾಲು ಬೇರೆ. ಚಕ್ರದ ಕೆಳಗಿನ ನಿಂಬೆಹಣ್ಣಿನ ಮೇಲೆ ಒಂದು ಮೊಳ ಹತ್ತಿಸಿ ಬ್ರೇಕ್ ಒತ್ತಬೇಕಿತ್ತು. ಆಕ್ಸಿಲೇಟರ್ ಒತ್ತಿದ.

ರಸ್ತೆ ಬದಿಯ ನಡುಗಂಬದ ಬುಡ ಪುಡಿಪುಡಿಯಾಯಿತು. ಪೂಜೆಗೆ ಸಾಲಾಗಿ ನಿಲ್ಲಿಸಿದ್ದ ಬೈಕುಗಳು ಉರುಳಿ ಪೆಟ್ರೋಲ್ ಹರಿದು, ಆರತಿ ತಟ್ಟೆಯ ಕರ್ಪೂರ ಅದರ ಮೇಲೆ ಬಿದ್ದು — ಭಗ್ ಅಂತು. ಪ್ರಕಾಶ ಕೈ ಸುಟ್ಟುಕೊಂಡು ಹೊರಗೆ ಹಾರಿದ. ಮೇಲೆ ಮಕ್ಕಳು ಮರಿ, ಹಬ್ಬದ ಅಡುಗೆಯಲ್ಲಿದ್ದ ಹೆಂಗಸರು. ಮೇಲಿನ ನಾಲ್ಕೂ ಅಂತಸ್ತು ಈಗ ಬಿತ್ತು, ಈಗ ಬಿತ್ತು ಅಂತ ನಾನು ರಸ್ತೆಯಲ್ಲಿ ನಿಂತು ಬಾಯಿ ಬಡಿದುಕೊಂಡೆ. ಬೀಮು ಒಂದು ಗೇಣು ಜಗ್ಗಿತು... ಜಗ್ಗಿ, ನಿಂತಿತು! ಫೈರ್ ಎಂಜಿನ್ ಬಂದು ಬೆಂಕಿ ಆರಿಸುವವರೆಗೂ ಹಾಗೇ ನಿಂತಿತ್ತು. ಹಿಂದಿನ ಮೆಟ್ಟಿಲಲ್ಲಿ ಒಬ್ಬೊಬ್ಬರೇ ಇಳಿದು ಬಂದರು. ಒಬ್ಬರಿಗೂ ತರಚು ಗಾಯ ಆಗಲಿಲ್ಲ.

ಪರೀಕ್ಷೆ ಮಾಡಲು ಬಂದ ಎಂಜಿನಿಯರ್ ಹುಡುಗಿ ಏಣಿ ಹತ್ತಿ, ಸುಟ್ಟ ಕಾಂಕ್ರೀಟನ್ನು ಸುತ್ತಿಗೆಯಲ್ಲಿ ತಟ್ಟಿ ಉದುರಿಸಿದಳು. ಒಳಗೆ ಕಂಡಿತು — ನೀನು ಕಟ್ಟಿದ ಕಂಬಿ. ಆ ಕಡೆಯಿಂದ ಈ ಕಡೆಗೆ, ಕಂಬವಿದ್ದ ಜಾಗವನ್ನು ದಾಟಿಕೊಂಡು. 'ಕಂಬ ಹೋದ್ಮೇಲೆ ಬೀಮು ಹಗ್ಗದ ಥರ ಇದನ್ನೇ ಹಿಡ್ಕೊಂಡು ನೇತಾಡಿದೆ ಆಂಟಿ' ಅಂದಳು. ಕಂಬಿ ಕಾದರೆ ಮೆತ್ತಗಾಗುತ್ತಂತೆ. ಜಲ್ಲಿ ಚೂರಿನ ಬದಲು ನೀನೇ ಸಿಮೆಂಟಿನಲ್ಲಿ ಎರಕ ಹೊಯ್ದು ಇಟ್ಟಿದ್ದ ಬಿಲ್ಲೆಗಳಿಂದ ಕಂಬಿ ಹಲಗೆಗೆ ತಾಗದೆ ಮೇಲೆ ನಿಂತು, ಸುತ್ತ ದಪ್ಪಗೆ ಕಾಂಕ್ರೀಟ್ ಕೂತಿತ್ತು. ಬೆಂಕಿಯ ಕಾವು ಒಳಗೆ ಇಳಿಯೋಕೆ ಅದು ಬಿಡಲಿಲ್ಲವಂತೆ.

'ಇಷ್ಟು ನಿಯತ್ತಾಗಿ ಕಟ್ಟಿಸಿದ್ದು ಯಾರು?' ಅಂದಳು.

'ನಾನೇ ನಿಂತು ಕಟ್ಟಿಸ್ದೆ' ಅಂದೆ.

ಬಾಯಿ ಹೇಗೆ ಬಂತೋ... ಹೇಗೂ ಅಲ್ಲ, ಸಲೀಸಾಗಿ ಬಂತು. ಅವತ್ತು ನನ್ನ ಎದೆ ಇಷ್ಟಗಲ ಉಬ್ಬಿತ್ತು. ಊರವರು ಬಂದು ನೋಡಿ, 'ಜಯಮ್ಮ ಕಟ್ಟಿದ್ ಅಂದ್ರೆ ಜಯಮ್ಮ ಕಟ್ಟಿದ್ದೇ' ಅಂದರು. ಹಿಂದೆ ನಕ್ಕಿದ್ದ ಬಾಯಿಗಳೇ! ಭಾನುವಾರ ಸನ್ಮಾನ ಅಂತ ಮನೆಗಳವರೆಲ್ಲ ಸೇರಿ ಶಾಲು ತಂದರು.

ಶಾಲು ಹೊದೆಸಲು ಬಂದವಳು ಆ ಕಂಬದ ನೇರ ಮೇಲಿನ ಮನೆಯ ಹುಡುಗಿ, ಕಂಕುಳಲ್ಲಿ ಮೂರು ತಿಂಗಳ ಕೂಸು. 'ನೀವಿಲ್ದಿದ್ರೆ ಇವನಿರ್ತಿರ್ಲಿಲ್ಲ' ಅಂತ ನನ್ನ ಕಾಲಿಗೆ ಬಗ್ಗಿದಳು. ನನ್ನ ಮಾತಿನಂತೆ ಕಟ್ಟಿದ್ದರೆ ಆ ಕೂಸು... ತಡೆಯಲಾಗಲಿಲ್ಲ. ಅವಳ ಭುಜ ಹಿಡಿದು ಎಬ್ಬಿಸಿದೆ. ಸೇರಿದ್ದವರೆಲ್ಲರ ಮುಂದೆ ಎಲ್ಲ ಹೇಳಿದೆ, ಒಂದೂ ಬಿಡದೆ. ಕೂಸಿನ ತಾಯಿ, 'ಅವ್ರ ಹೆಸ್ರೇನು?' ಅಂದಳು. ನಿನ್ನ ಹೆಸರು ಹೇಳಿದೆ. ಹೇಳುವಾಗ, ನಂಬು, ಹೆಮ್ಮೆಯೇ ಆಯಿತು. ಇಂಥ ಕೈ ನನ್ನ ಸೈಟಿನಲ್ಲಿ ದುಡಿದಿತ್ತು ಅಂತ — ಬಿಲ್ಡಿಂಗ್ ನನ್ನದು ಅನ್ನುವಾಗ ಆದದ್ದಕ್ಕಿಂತ ದೊಡ್ಡ ಹೆಮ್ಮೆ. ಅದಕ್ಕೂ ನನಗೆ ಹಕ್ಕಿಲ್ಲ, ಗೊತ್ತು.

ಕ್ಷಮಿಸು ಅನ್ನಲ್ಲ. ಹನ್ನೊಂದು ವರ್ಷದ ಕೆಲಸ ಕಿತ್ತುಕೊಂಡು ಒಂದು ಮಾತಲ್ಲಿ ಕ್ಷಮೆ ಕೇಳೋದು ಯಾವ ನ್ಯಾಯ? ಮುರಿದ ಕಂಬವನ್ನು ಮತ್ತೆ ಎಬ್ಬಿಸಬೇಕು. ಅದರ ಕಂಬಿ ನಿನ್ನ ಕೈಯಲ್ಲೇ ಕಟ್ಟಿಸಬೇಕು ಅಂತ ಎಲ್ಲರೂ ಅಂದರು. ಬರೋದು, ಬಿಡೋದು ನಿನ್ನಿಷ್ಟ. ಸೋಮವಾರ ನಾನೇ ದಾಸರಹಳ್ಳಿಗೆ ಬರ್ತೀನಿ. ಕಳ್ಳ ಅಂದಿದ್ದು ಹತ್ತು ಜನರ ಮುಂದೆ. ಅಂಗಡಿ ಮುಂದೆ ಜನ ಇರೋ ಹೊತ್ತು ನೋಡಿಕೊಂಡೇ ಬರ್ತೀನಿ.