ನಾನು ನೋಡಿದ ಒಂದೇ ಮ್ಯಾಚು

ಮದುವೆಯಾದ ಮಾರನೆಯ ದಿನ ಮಾವನವರಿಗೆ ನಮಸ್ಕಾರ ಮಾಡಲು ಬಗ್ಗಿದಾಗ ಕಣ್ಣಿಗೆ ಮೊದಲು ಬಿದ್ದದ್ದು ಅವರ ಬಲಗಾಲಿನ ಮೂಳೆ. ಪಂಚೆ ಸ್ವಲ್ಪ ಮೇಲೆ ಸರಿದಿತ್ತು. ಮೊಣಕಾಲಿನಿಂದ ಪಾದದವರೆಗೆ ಆ ಮೂಳೆ ನೆಟ್ಟಗಿರಲಿಲ್ಲ. ಅಲ್ಲೊಂದು ತಗ್ಗು, ಇಲ್ಲೊಂದು ಗಂಟು, ಬಿದ್ದು ಬಿದ್ದು ನೆಗ್ಗಿದ ಅಲ್ಯುಮಿನಿಯಂ ಪಾತ್ರೆಯ ಹಾಗೆ. ಹೊಸ ಸೊಸೆ ಅನ್ನುವುದನ್ನೂ ಮರೆತು, "ಇದೇನ್ ಮಾವ, ಕಾಲು ಹಿಂಗಾಗದೆ?" ಅಂದುಬಿಟ್ಟೆ. ಅವರು ಬಗ್ಗಿ, ಬೇರೆ ಯಾರದೋ ಕಾಲನ್ನು ನೋಡುವವರ ಹಾಗೆ ನೋಡಿಕೊಂಡು, "ಇದಾ? ಬಾಲ್ ಬಂದ ಕಡೆ ಎಲ್ಲಾ ಬೂಟೂ ಬರ್ತದಲ್ಲಮ್ಮಾ" ಅಂದರು.

ಮಾವನವರು ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ರಿಟೈರಾದವರು. ಅದಕ್ಕೂ ಎಷ್ಟೋ ಮುಂಚೆ ನಮ್ಮ ಕಾಲೊನಿಯ ಫುಟ್ಬಾಲ್ ಟೀಮಿನಲ್ಲಿ ಸ್ಟಾಪರ್ ಆಗಿದ್ದು ಅದರಿಂದಲೂ ರಿಟೈರಾದವರು. ಸ್ಟಾಪರ್ ಅಂದರೆ ತಮ್ಮ ಗೋಲಿನ ಮುಂದೆ ನಿಂತು ಬಂದವರನ್ನೆಲ್ಲ ತಡೆಯುವ ಆಸಾಮಿ. ಮಂಡ್ಯದ ಕಡೆಯಿಂದ ಬಂದ ನನಗೆ ಇದೊಂದೂ ತಿಳಿಯದು. ಒಂದು ಚೆಂಡಿಗೆ ಇಪ್ಪತ್ತೆರಡು ಜನ ಗಂಡಸರು ಕಿತ್ತಾಡುವ ಬದಲು ಆಳಿಗೊಂದು ಕೊಡಿಸಬಾರದೇ ಎಂದು ನಾನು ಕೇಳಿದ ಮಾತು ಕಾಲೊನಿಯಲ್ಲೆಲ್ಲ ಹಬ್ಬಿತ್ತು. ಅದನ್ನು ಹಬ್ಬಿಸಿದವರೂ ಮಾವನವರೇ.

ಅವರ ಕನ್ನಡದಲ್ಲಿ ಅರ್ಧಕ್ಕರ್ಧ ತಮಿಳು. ಅಜ್ಜನ ಕಾಲದಲ್ಲೇ ಮದರಾಸಿಗೆ ಬಂದ ಮನೆತನ. 'ಸರಿ' ಅನ್ನುವುದು ಅವರ ಬಾಯಲ್ಲಿ 'ಸೆರಿ', 'ಪಾಪ' ಅನ್ನುವುದು 'ಪಾವಂ', 'ಸುಳ್ಳು' ಅನ್ನುವುದು 'ಪೊಯ್'. ನಮ್ಮ ಮನೆಯವರಂತೂ ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದರು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರಿಂದ ಆ ಮನೆಯಲ್ಲಿ ಕನ್ನಡವಾಡಲು ಅವರಿಗೆ ಉಳಿದವಳು ನಾನೊಬ್ಬಳೇ.

ಮೊದಲ ದೀಪಾವಳಿಗೆ ಮಾವನವರು ತಾವೇ ಹೋಗಿ ನನಗೊಂದು ಸೀರೆ ತಂದರು. ಗಿಣಿಹಸಿರು ಬಣ್ಣ, ಅದಕ್ಕೆ ಕಿತ್ತಳೆ ಅಂಚು. ಮನೆಯವರು, ಅಕ್ಕಪಕ್ಕದವರು, ಎಲ್ಲರೂ ಚೆನ್ನಾಗಿದೆ ಅಂದರು. ನನ್ನನ್ನು ಕೇಳಿದಾಗ, "ಇದನ್ನ ಉಟ್ಕಂಡು ರೋಡಿಗೆ ಹೋದ್ರೆ ಲಾರಿಗಳು ನಿಂತ್ಕತವೆ ಮಾವ" ಅಂದೆ. ನಮ್ಮ ಮನೆಯವರ ಮುಖ ಕಪ್ಪಿಟ್ಟಿತು. ಮಾವನವರು ಮಾತ್ರ ಕೆಮ್ಮು ಬರುವಷ್ಟು ನಕ್ಕು, ಅವತ್ತೇ ಹೋಗಿ ಸೀರೆ ಬದಲಾಯಿಸಿಕೊಂಡು ಬಂದರು. ಅಲ್ಲಿಂದಾಚೆಗೆ ಯಾರೇ ಮನೆಗೆ ಬರಲಿ, "ಇವಳು ನಮ್ಮ ಸೊಸೆ. ಇವಳ ಬಾಯಲ್ಲಿ ಪೊಯ್ ಬರಲ್ಲ" ಎಂದೇ ಪರಿಚಯ ಮಾಡಿಕೊಡುತ್ತಿದ್ದರು.

ರಸ್ತೆಯಲ್ಲಿ ಅವರು ಯಾವತ್ತೂ ಎಲ್ಲರಿಗಿಂತ ಹಿಂದೆ, ವಾಹನಗಳು ಬರುವ ಮಗ್ಗುಲಿಗೇ ನಡೆಯುತ್ತಿದ್ದರು. ಮದುವೆ ಮನೆಗೆ ಹೋದರೂ ಗೋಡೆಗೆ ಬೆನ್ನು ಕೊಟ್ಟೇ ಕೂರಬೇಕು. "ಗೋಲ್ ಹೊಡೆದೋನನ್ನ ಹೆಗಲ ಮೇಲೆ ಹೊರ್ತಾರೆ. ತಡೆದೋನು ನಡ್ಕೊಂಡೇ ಮನೇಗೆ ಬರ್ತಾನೆ" ಎಂದು ಹೇಳುತ್ತಿದ್ದರು. ಅದರಲ್ಲಿ ದೂರೇನೂ ಇರಲಿಲ್ಲ, ನಡೆದು ಬರುವುದೇ ಅವರಿಗೆ ಇಷ್ಟ.

ಮ್ಯಾಚಿದ್ದ ಭಾನುವಾರ ಸಂಜೆ ನಮ್ಮ ವರಾಂಡದಲ್ಲಿ ಸಭೆ. ಖಾಯಂ ಸದಸ್ಯರು ಇಬ್ಬರು: ಮೂಲೆಯಲ್ಲಿ ಟೀ ಅಂಗಡಿ ಇಟ್ಟಿದ್ದ ಸೆಲ್ವಂ, ಗೂಡ್ಸ್ ರೈಲಿನಲ್ಲಿ ಗಾರ್ಡ್ ಆಗಿದ್ದ ಎದುರು ಮನೆಯ ಗಾರ್ಡ್ ಸಾಹೇಬರು. ಅವರು ಆಡುತ್ತಿದ್ದುದು ತಮಿಳು, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸಭೆಗೆ ನನ್ನ ಅಡಿಗೆಮನೆಯ ಲೋಟಗಳೆಲ್ಲ ಹೊರಗೆ ಹೋಗಬೇಕು. ಲೋಟಗಳೇ ಆಟಗಾರರು, ನಿಂಬೆಹಣ್ಣು ಚೆಂಡು. ಈ ಲೋಟ ಇಲ್ಲಿಗೆ ಬಂದಿದ್ದರೆ ಆ ಗೋಲು ಆಗುತ್ತಿರಲಿಲ್ಲ ಎಂದು ಕಾಫಿ ಆರಿ ನೀರಾಗುವವರೆಗೆ ಜಗಳ. ಗೆದ್ದ ದಿನ ಜಗಳ ಇನ್ನೂ ಜಾಸ್ತಿ. ಕಾಫಿ ಕೊಡಲು ಲೋಟವೇ ಉಳಿಯದೆ ನಾನು ಗೊಣಗುತ್ತಿದ್ದೆ.

ಎರಡು ಸಾವಿರದ ಎರಡರ ಬೇಸಿಗೆಯಲ್ಲಿ ಮಾವನವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ತೊದಲಾಯಿತು, ಬುದ್ಧಿ ಮಾತ್ರ ಒಂದಿಷ್ಟೂ ಮಂಕಾಗಲಿಲ್ಲ. ಮಂಕಾಗಿದ್ದರೆ ಚೆನ್ನಾಗಿತ್ತು ಎಂದು ನನಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಬಿಪಿ ಏರಬಾರದು, ಮನಸ್ಸಿಗೆ ಬೇಸರ ಮಾಡಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು.

ಟೀಮಿಗೂ ಅದೇ ಹೊತ್ತಿಗೆ ಶನಿ ಹಿಡಿಯಿತು. ಆಟ ಬಲ್ಲ ಹುಡುಗರು ಕೆಲಸ ಕೊಡುವ ದೊಡ್ಡ ಟೀಮುಗಳಿಗೆ ಹೋದರು, ಉಳಿದವರು ವಾರ ವಾರವೂ ಸೋತರು. ಟೀಮು ಕೆಳಗಿನ ಡಿವಿಷನ್ನಿಗೆ ಬಿತ್ತು. ಆ ಡಿವಿಷನ್ನಿನ ಸೋಲು ಗೆಲುವು ಯಾವ ಪೇಪರಿನಲ್ಲೂ ಬರುವುದಿಲ್ಲ. ಹಾಗಾಗಿ ಸುಳ್ಳು ಹೇಳುವುದು ಸುಲಭವಾಯಿತು. ಮೊದಲು ನಮ್ಮ ಮನೆಯವರು ಸೋತ ಮ್ಯಾಚನ್ನು ಡ್ರಾ ಅಂದರು. ಮುಂದಿನ ವಾರದ ಸೋಲನ್ನು ಸೆಲ್ವಂ ಗೆಲುವು ಮಾಡಿದ. ಆಮೇಲೆ ಆ ಬಾಯಿಗೆ ಬೀಗವೇ ಇರಲಿಲ್ಲ. ಮೂರು ಸೊನ್ನೆ, ನಾಲ್ಕು ಒಂದು. ಟೀಮು ಸೋತದ್ದನ್ನು ನೋಡಿ ಬಂದು ಮಂಚದ ಪಕ್ಕ ನಿಂತು ಗೋಲುಗಳನ್ನು ವರ್ಣಿಸುತ್ತಿದ್ದ. ಮಾವನವರು ಕೇಳಿಸಿಕೊಂಡು "ಸೆರಿ, ಸೆರಿ" ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ನನ್ನ ಕೈ ತಡೆದು ಕೇಳಿದರು:

"ಇವ್ರು ಪೊಯ್ ಹೇಳ್ತಾರೆ ಅಂತ ನಿಂಗೆ ಗೊತ್ತಾ?"

ನಾನು ಚಮಚ ಕೆಳಗಿಟ್ಟೆ. "ಗೊತ್ತು ಮಾವ."

"ಗೆದ್ದ ದಿನ ಇವ್ರು ಜಗಳ ಆಡ್ಬೇಕಲ್ಲಮ್ಮಾ. ಈಗ ಒಬ್ಬ ಹೇಳಿದ್ದಕ್ಕೆ ಇನ್ನೊಬ್ಬ ಆಮಾಂ ಆಮಾಂ ಅಂತ ತಲೆ ಆಡಿಸ್ತಾನೆ. ಪಾವಂ. ನಂಗೆ ಗೊತ್ತಾಯ್ತು ಅಂತ ಹೇಳ್ಬೇಡ, ಸಂಕಟ ಪಡ್ತಾರೆ."

ನಾನು ಹೇಳಲಿಲ್ಲ. ಮಂಚದ ಈಚೆ ನಿಂತವರು ಅವರನ್ನು ಕಾಪಾಡುತ್ತಿದ್ದೇವೆ ಅಂದುಕೊಂಡಿದ್ದರು, ಮಂಚದ ಮೇಲಿದ್ದವರು ಇವರನ್ನು ಕಾಪಾಡುತ್ತಿದ್ದರು. ನಡುವೆ ಕಾಫಿ ತಂದುಕೊಡುತ್ತ ನಾನು ಓಡಾಡಿಕೊಂಡಿದ್ದೆ.

ಎರಡು ವರ್ಷ ಹೀಗೇ ಹೋಯಿತು. ಆ ವರ್ಷದ ಕೊನೆಯ ಮ್ಯಾಚಿನ ವಾರ ಮಾವನವರು ನನ್ನನ್ನು ಕರೆದು ಬಾಗಿಲು ಹಾಕಲು ಹೇಳಿದರು. ಹಿಂದಿನ ದಿನ ಟೀಮಿನ ಸೆಕ್ರೆಟರಿ ಅವರನ್ನು ನೋಡಲು ಬಂದಿದ್ದ. ಮನೆಯಲ್ಲಿ ನಡೆಯುತ್ತಿದ್ದ ನಾಟಕ ತಿಳಿಯದೆ ಇದ್ದದ್ದು ಇದ್ದ ಹಾಗೆ ಹೇಳಿ ಹೋಗಿದ್ದ: ಭಾನುವಾರ ಗೆದ್ದರೆ ಟೀಮು ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚುತ್ತಾರೆ.

"ನೀನು ಹೋಗಿ ನೋಡ್ಕೊಂಡು ಬಾ" ಅಂದರು.

"ನಂಗೇನ್ ಗೊತ್ತಾಯ್ತದೆ ಮಾವ ಅದೆಲ್ಲ?"

"ಗೋಲ್ ಎಷ್ಟು ಅಂತ ಗೊತ್ತಾಗ್ತದಲ್ಲ, ಪೋದುಂ, ಅಷ್ಟು ಸಾಕು. ಸೋತ್ರೆ ಸೋತ್ರು ಅಂತ ಹೇಳು. ಅಳಬೇಡ, ಸಮಾಧಾನ ಮಾಡ್ಬೇಡ. ನಾನು ಇಪ್ಪತ್ತು ವರ್ಷ ಒದೆ ತಿಂದ ಟೀಮಮ್ಮಾ ಅದು. ಏನಾಯ್ತು ಅಂತ ನಿಜ ತಿಳ್ಕೊಂಡು ಹೋಗ್ಬೇಕು. ನೀನೊಬ್ಬಳೇ ಹೇಳೋದು."

ಪಕ್ಕದ ಮನೆಯಾಕೆಯನ್ನು ಮಾವನವರ ಹತ್ತಿರ ಕೂರಿಸಿ ನಾನೂ ಗಂಡಸರ ಜೊತೆ ಮ್ಯಾಚಿಗೆ ಹೋದೆ. ನಮ್ಮ ಮನೆಯವರಿಗೆ ಆಶ್ಚರ್ಯ, ಸೆಲ್ವಂಗೆ ಅಪಶಕುನದ ಭಯ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ನಮ್ಮ ಹುಡುಗ ಒದ್ದ ಚೆಂಡು ಎದುರು ಟೀಮಿನವನದೇ ಬೆನ್ನಿಗೆ ತಗುಲಿ ಗೋಲಾಯಿತು. ಅದು ಪುಕ್ಕಟೆ ಬಂದದ್ದು, ಮುಂದಿನದೆಲ್ಲ ದುಡಿಮೆ. ನಮ್ಮವನೊಬ್ಬನನ್ನು ರೆಫರಿ ಹೊರಗೆ ಕಳಿಸಿದ. ಉಳಿದ ಹತ್ತು ಜನ ತಮ್ಮ ಗೋಲಿನ ಮುಂದೆ ನಿಂತರು. ಅವರು ಬರುತ್ತಿದ್ದರು, ಇವರು ತಳ್ಳುತ್ತಿದ್ದರು, ಮತ್ತೆ ಬರುತ್ತಿದ್ದರು. ನಮ್ಮ ಸ್ಟಾಪರ್ ಒಬ್ಬ ಕಪ್ಪಗಿನ, ಸಣಕಲ ಹುಡುಗ. ಹುಬ್ಬು ಒಡೆದು ರಕ್ತ ಸುರಿಯುತ್ತಿದ್ದರೂ ಬಟ್ಟೆ ಕಟ್ಟಿಸಿಕೊಂಡು ವಾಪಸ್ ಬಂದ. ಕೊನೆಯಲ್ಲಿ ಗೋಲ್‌ಕೀಪರ್ ಕೆಳಗೆ ಬಿದ್ದಿದ್ದಾಗ ಖಾಲಿ ಗೋಲಿನ ಕಡೆ ಬಂದ ಚೆಂಡಿಗೆ ಅವನು ಗೆರೆಯ ಮೇಲೆ ನಿಂತು ಅದೇ ತಲೆಯನ್ನು ಕೊಟ್ಟ. ನಾನು ಕಿರುಚಿದೆ. ಈ ಕೆಲಸವನ್ನು ನಮ್ಮ ಮಾವನವರು ಇಪ್ಪತ್ತು ವರ್ಷ ಮಾಡಿದ್ದರು ಎನ್ನುವುದು ನನಗೆ ಅವತ್ತು, ಆ ಗಳಿಗೆಯಲ್ಲಿ ಅರ್ಥವಾಯಿತು. ಸೀಟಿ ಊದಿದಾಗ ನನ್ನ ಕಣ್ಣಲ್ಲಿ ನೀರಿತ್ತು.

ವಾಪಸ್ ಬರುವಾಗ ಲೋಕಲ್ ರೈಲಿನಲ್ಲಿ ಸೀಟು ಖಾಲಿಯಿದ್ದರೂ ಯಾರೂ ಕೂರಲಿಲ್ಲ.

"ಹತ್ತೇ ಜನ! ಹತ್ತು ಜನ ಇಟ್ಕೊಂಡು ಒಂದು ಗೋಲು ಬಿಟ್ಟಿಲ್ಲ!" ಎಂದು ಸೆಲ್ವಂ ಗೊತ್ತಿಲ್ಲದ ಪ್ರಯಾಣಿಕರಿಗೆಲ್ಲ ಹೇಳುತ್ತಿದ್ದ.

"ಅವರ ಎಡಗಡೆ ಓಡ್ತಿದ್ದೋನಿಗೆ ದಾರೀನೇ ಸಿಗಲಿಲ್ಲ" ಅಂದರು ಗಾರ್ಡ್ ಸಾಹೇಬರು. "ನಮ್ಮ ಬ್ಯಾಕು ಈಗಲೂ ಅವನ ಹಿಂದೇನೇ ಅವನ ಮನೆಗೆ ಹೋಗಿರ್ತಾನೆ."

"ಗೆಲ್ಲಿಸಿದ್ದು ಕೀಪರ್ರು."

"ಕೀಪರ್ ಬಿದ್ದು ಒದ್ದಾಡ್ತಿದ್ದ, ನೀನು ಕಣ್ಣು ಮುಚ್ಚಿದ್ದೆ!"

ಇಬ್ಬರೂ ಕೈ ಕೈ ಮಿಲಾಯಿಸುವ ಹಾಗಾದಾಗ ನನಗೆ ತಡೆಯಲಾಗಲಿಲ್ಲ. "ಸ್ಟಾಪರ್ ಹುಡುಗ ಗೆರೆ ಮೇಲೆ ಇಲ್ದಿದ್ರೆ ಎಲ್ಲಿತ್ತು ನಿಮ್ಮ ಗೆಲುವು?" ಎಂದು ಜೋರಾಗಿ ಅಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ಗಾರ್ಡ್ ಸಾಹೇಬರು ನನಗೆ ಸೆಲ್ಯೂಟ್ ಹೊಡೆದರು. ಅಷ್ಟು ಸಂತೋಷ ಆ ಜನರ ಮುಖದಲ್ಲಿ ನಾನು ಮತ್ತೆ ನೋಡಿಲ್ಲ.

ಮನೆಗೆ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ಮಂಚದ ಹತ್ತಿರ ಓಡಿದೆ. "ಗೆದ್ವಿ ಮಾವ! ಒಂದು ಸೊನ್ನೆ!" ಅಡಿಗೆಮನೆಯಿಂದ ನಾನೇ ಲೋಟ ತಂದೆ. ಕೀಪರ್ ಇಲ್ಲಿ ಬಿದ್ದಿದ್ದ, ಚೆಂಡು ಇಲ್ಲಿಂದ ಬಂತು, ಹುಡುಗ ಇಲ್ಲಿ ತಲೆ ಕೊಟ್ಟ ಎಂದು ಸ್ಟೂಲಿನ ಮೇಲೆ ಜೋಡಿಸಿ ತೋರಿಸಿದೆ. ಅವಸರದಲ್ಲಿ ಒಂದು ಲೋಟ ಉರುಳಿ ಬಿತ್ತು. ಹಿಂದೆ ನಿಂತ ಸೆಲ್ವಂ, ಗಾರ್ಡ್ ಸಾಹೇಬರು, ನಮ್ಮ ಮನೆಯವರು ಎಲ್ಲರೂ ನಾನು ಹೇಳಿದ್ದಕ್ಕೆ ಆಮಾಂ ಆಮಾಂ ಅಂದರು. ಜಗಳವನ್ನು ರೈಲಿನಲ್ಲೇ ಮುಗಿಸಿಕೊಂಡು ಬಂದಿದ್ದರು, ಪಾಪಿಗಳು.

ಮಾವನವರು ಲೋಟಗಳನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. ಫುಟ್ಬಾಲ್ ಅಂದರೆ ಮೂಗು ಮುರಿಯುವ ಸೊಸೆ ಕಣ್ಣೀರು ಒರೆಸಿಕೊಳ್ಳುತ್ತ ಲೋಟ ಜೋಡಿಸುತ್ತಿದ್ದಾಳೆ. ಎಡಗೈಯನ್ನು ನಿಧಾನವಾಗಿ ನನ್ನ ತಲೆಯ ಮೇಲಿಟ್ಟರು.

"ನೀನೂ ಪೊಯ್ ಕಲ್ತ್ಯಾ ಅಮ್ಮಾ?" ಅಂದರು.

ಎಷ್ಟು ಹೇಳಿದೆವು! ಸೆಲ್ವಂ ಕರ್ಪೂರ ಹಚ್ಚಿ ಆಣೆ ಮಾಡಿದ. ನಮ್ಮ ಮನೆಯವರು ಅಪ್ಪನ ಕಾಲು ಹಿಡಿದು, "ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳಪ್ಪಾ, ಇದೊಂದು ನಿಜ" ಎಂದು ಹುಟ್ಟಿದ ಮೇಲೆ ಮೊದಲ ಸಲ ಕನ್ನಡದಲ್ಲಿ ಗೋಗರೆದರು. "ಗೊತ್ತು ಕಣ್ಣಾ, ಗೊತ್ತು. ಹೋಗಿ ಊಟ ಮಾಡಿ" ಎಂದರು ಮಾವನವರು. ಸೆಕ್ರೆಟರಿಯನ್ನು ಕರೆಸಿದರೆ, ಅವನಿಗೂ ಹೇಳಿಕೊಟ್ಟಿದ್ದಾರೆ ಅಂದುಕೊಂಡರು. ಮಾರನೆಯ ದಿನ ಸೆಲ್ವಂ ಆ ಸ್ಟಾಪರ್ ಹುಡುಗನನ್ನೇ ಕರೆತಂದ. ಹುಬ್ಬಿನ ಮೇಲೆ ಹೊಲಿಗೆ, ಮುಖ ಊದಿಕೊಂಡಿತ್ತು. ಅವನೂ ಗೆದ್ದೆವು ಅಂದ. ಮಾವನವರು ಅವನ ಗಲ್ಲ ಸವರಿ, "ಹೊಲಿಗೆ ಬಿಚ್ಚೋವರೆಗೂ ಹೆಡ್ ಮಾಡ್ಬೇಡಪ್ಪಾ" ಎಂದು ಕಳಿಸಿದರು. ಅವನು ಹೋದ ಮೇಲೆ ನನಗೆ ಹೇಳಿದರು: "ಪಾವಂ ಹುಡುಗ. ಇಷ್ಟು ಏಟು ತಿಂದೂ ಸೋತ್ರಲ್ಲ."

ಆಮೇಲೆ ಅವರು ನನ್ನ ಹತ್ತಿರ ಟೀಮಿನ ಮಾತೆತ್ತಲಿಲ್ಲ. ಸಿಟ್ಟೇನೂ ಮಾಡಿಕೊಂಡಿರಲಿಲ್ಲ, ಗಂಜಿ ಕುಡಿಸಿದರೆ ಕುಡಿಯುತ್ತಿದ್ದರು. ಬೇರೆಯವರ ಜೊತೆ ಮಾತಾಡುವ ಹಾಗೆ ಉಪಚಾರವಾಗಿ ಮಾತಾಡುತ್ತಿದ್ದರು. ಅದು ನನಗೆ ಬೈಗುಳಕ್ಕಿಂತ ಕಷ್ಟವಾಯಿತು. ಒಬ್ಬಳೇ ಕೂತು ಅತ್ತಿದ್ದೇನೆ. ಟೀಮು ಉಳಿಯಿತು ಎಂದು ತೋರಿಸಲು ಮುಂದಿನ ವರ್ಷದ ಆಟ ಶುರುವಾಗಬೇಕಿತ್ತು. ಅಲ್ಲಿಯವರೆಗೆ ಅವರಿಗೆ ಉಸಿರು ಇರಲಿಲ್ಲ.

ಪೊಂಗಲ್ ಹತ್ತಿರ ಬಂದಾಗ ಎದೆಯಲ್ಲಿ ಕಫ ಕಟ್ಟಿತು, ಆಸ್ಪತ್ರೆಗೆ ಸೇರಿಸಿದೆವು. ಒಂದು ಬೆಳಿಗ್ಗೆ ನಾನೊಬ್ಬಳೇ ಇದ್ದಾಗ ಕಣ್ಣು ಬಿಟ್ಟು, ಹತ್ತಿರ ಬಾ ಎಂದು ಸನ್ನೆ ಮಾಡಿದರು.

"ಈಗಾದ್ರೂ ಹೇಳಮ್ಮಾ. ಎಷ್ಟಕ್ಕೆ ಸೋತ್ರು?"

ಗೆದ್ದೆವು ಮಾವ ಎಂದು ಇನ್ನೊಮ್ಮೆ ಹೇಳಲು ಬಾಯಿ ತೆರೆದೆ. ಅವರ ಕಣ್ಣು ನೋಡಿದೆ. ಅವರು ಸ್ಕೋರು ಕೇಳುತ್ತಿರಲಿಲ್ಲ, ತಮ್ಮ ಸೊಸೆಯನ್ನು ವಾಪಸ್ ಕೇಳುತ್ತಿದ್ದರು.

"ಎರಡು ಸೊನ್ನೆ ಮಾವ" ಅಂದೆ.

ಅವರ ಮುಖ ಸಡಿಲವಾಯಿತು. "ಅದು ಹೇಳು" ಎಂದು ಎಡಗೈಯಿಂದ ನನ್ನ ಕೈ ಹಿಡಿದುಕೊಂಡರು. "ಆ ಹುಡುಗ?"

"ಕೊನೇವರೆಗೂ ತಡೆದ ಮಾವ."

"ಸೆರಿ" ಅಂದರು.

ಅವತ್ತು ಸಂಜೆಯೇ ಹೋಗಿಬಿಟ್ಟರು. ಸೆಕ್ರೆಟರಿ ಏನೇ ಹೇಳಿದ್ದರೂ ಟೀಮನ್ನು ಮುಂದಿನ ವರ್ಷ ಹೇಗೂ ಮುಚ್ಚಿದರು, ಯಾವ ಗೆಲುವೂ ಅದನ್ನು ಉಳಿಸುವಂತಿರಲಿಲ್ಲ. ಆಸ್ಪತ್ರೆಯಲ್ಲಿ ನಾನು ಹೇಳಿದ್ದನ್ನು ಮನೆಯವರಿಗಾಗಲಿ, ಸೆಲ್ವಂಗಾಗಲಿ ಇವತ್ತಿನವರೆಗೆ ಹೇಳಿಲ್ಲ. ಆ ಮ್ಯಾಚಿನ ಮಾತು ಬಂದಾಗಲೆಲ್ಲ ಅವರು, "ಪಾಪ, ಕೊನೆಗೂ ನಂಬಲೇ ಇಲ್ಲ" ಅನ್ನುತ್ತಾರೆ. ನಾನು ಎದ್ದು ಒಳಗೆ ಹೋಗುತ್ತೇನೆ. ನಿಜ ಹೇಳಿದಾಗ ಮಾವನವರು ನನ್ನನ್ನು ನಂಬಲಿಲ್ಲ, ಸುಳ್ಳು ಹೇಳಿದ ಮೇಲೆ ನಂಬಿದರು, ನಂಬಿಕೊಂಡೇ ಹೋದರು.