ಅವ್ವನ ಪುಂಡಿಪಲ್ಯ

ಹೋದ ಸೋಮವಾರ ನನ್ನ ಹೆಂಡತಿ ಶಂಕ್ರವ್ವ ಸೌಟು ತಂದು ನನ್ನ ಕೈಗೆ ಕೊಟ್ಟಳು.

"ಇನ್ನ ಮ್ಯಾಲೆ ಪುಂಡಿಪಲ್ಯ ನೀವೇ ಮಾಡ್ರಿ. ಪೇಪರಿನಾಗ ಬರದೀರಲ್ಲಾ, ಹಂಗ."

ತಪ್ಪು ನನ್ನದೇ. ಅವ್ವನ ಪುಂಡಿಪಲ್ಯದ ಬಗ್ಗೆ ಇದೇ ಅಂಕಣದಲ್ಲಿ ಬರೆದದ್ದು ನಿಮಗೆ ನೆನಪಿರಬಹುದು. ಹುಳಿ ಸೊಪ್ಪು, ಜೋಳದ ನುಚ್ಚು, ಬೆಳ್ಳುಳ್ಳಿ ಒಗ್ಗರಣೆ, ಬಿಸಿ ರೊಟ್ಟಿ. ಅಲ್ಲಿಗೇ ಪೆನ್ನು ಮುಚ್ಚಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಕೊನೆಗೆ ಒಂದು ಸಾಲು ಸೇರಿಸಿದೆ: 'ಆ ರುಚಿ ಅವ್ವನ ಜೊತೆಗೇ ಹೋಯಿತು. ಈಗ ತಾಟಿಗೆ ಬೀಳುವುದು ಬರೀ ಸೊಪ್ಪು.' ಬರೆದು, ಎಷ್ಟು ಚೆನ್ನಾಗಿ ಬರೆದೆ ಎಂದು ಖುಷಿಪಟ್ಟಿದ್ದೆ.

ಶಂಕ್ರವ್ವನಿಗೆ ಓದಲು ಬಾರದು. ಆ ಧೈರ್ಯದ ಮೇಲೆಯೇ ಬರೆದದ್ದು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆದರೆ ಪಕ್ಕದ ಮನೆಯ ಅಕ್ಕೋರು (ಹೆಣ್ಣುಮಕ್ಕಳ ಶಾಲೆಯ ಟೀಚರ್) ಪೇಪರ್ ಹಿಡಿದು ಬಂದು, ನಮ್ಮ ಕಟ್ಟೆಯ ಮೇಲೆ ಕೂತು, ಗಟ್ಟಿಯಾಗಿ ಓದಿಬಿಟ್ಟರು. ಪೂರ್ಣವಿರಾಮ ಸಹಿತ.

ಮಾಫಿ ಕೇಳಬೇಕಾಗಿತ್ತು. ಕೇಳಿದೆನೇ? ಇಲ್ಲ. ಹಟ ಬಂತು. "ಮಾಡಿ ತೋರಸ್ತೀನಿ" ಎಂದೆ. ಜನ್ಮದಲ್ಲಿ ಒಲೆ ಹಚ್ಚಿದವನಲ್ಲ ನಾನು. ಮ್ಯಾಟ್ರಿಕ್ ಮುಗಿಯುವ ತನಕ ಗದಗಿನ ಬೋರ್ಡಿಂಗಿನಲ್ಲಿ ಉಂಡೆ. ಆಮೇಲೆ ರೋಣಕ್ಕೆ ಬಂದು, ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿ, ಆ ವರ್ಷವೇ ಮದುವೆಯೂ ಆಗಿ, ಮನೆಯಲ್ಲಿ ಕೂತಲ್ಲಿಗೇ ತಾಟು ತರಿಸಿಕೊಂಡು ಉಂಡೆ.

ಅವ್ವನ ತವರು ಕೊಣ್ಣೂರು. ಅವಳ ತಂಗಿ, ನನ್ನ ಚಿಕ್ಕವ್ವ, ಇನ್ನೂ ಅಲ್ಲಿ ಗಟ್ಟಿಮುಟ್ಟಾಗಿದ್ದಾಳೆ. ಒಂದೇ ಒಲೆಯ ಮುಂದೆ ಬೆಳೆದ ಅಕ್ಕ-ತಂಗಿ. ರುಚಿ ಬೇರೆ ಎಲ್ಲಿಗೆ ಹೋದೀತು?

ಮರುದಿನವೇ ಬಸ್ ಹತ್ತಿದೆ. ನರಗುಂದದಲ್ಲಿ ಇಳಿದು ಇನ್ನೊಂದು ಬಸ್. ಸೇತುವೆ ಮುಳುಗಿಸಿದ್ದ ಹೊಳೆ ಇಳಿದಿತ್ತು, ಪುಣ್ಯ. ಬಾಗಿಲಲ್ಲಿ ನನ್ನನ್ನು ಕಂಡು ಚಿಕ್ಕವ್ವ ಗಾಬರಿಯಾದಳು.

"ಯಾಕೋ ತಮ್ಮಾ, ಯಾರಿಗರೆ ಆರಾಮ ಇಲ್ಲೇನು?"

"ಪುಂಡಿಪಲ್ಯ ಕಲಿಯಾಕ ಬಂದೀನಿ ಚಿಕ್ಕವ್ವಾ."

ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಈ ವಯಸ್ಸಿನಾಗ? ಶಂಕ್ರವ್ವ ಮನಿ ಬಿಟ್ಟು ಹೊರಗ ಹಾಕ್ಯಾಳೇನು?"

ಆದರೂ ಕಲಿಸಿದಳು. ಹೊಲದ ಬದುವಿಗೆ ಕರೆದೊಯ್ದು ಎಳೆಯ ಎಲೆ ಬಿಡಿಸುವುದನ್ನು ತೋರಿಸಿದಳು. ಬೇಳೆ, ನುಚ್ಚು, ಸೊಪ್ಪು ಒಟ್ಟಿಗೇ ಬೇಯಿಸಿ ಕಡಗೋಲಿನಿಂದ ಮಸೆಯುವುದನ್ನು ತೋರಿಸಿದಳು. "ನೀರು ಬಸೀಬ್ಯಾಡ ಮತ್ತ. ಹುಳಿ ಎಲ್ಲಾ ಅದರಾಗ ಇರತೈತಿ. ನಿಮ್ಮವ್ವ ಎಂದೂ ಬಸದಾಕಿ ಅಲ್ಲ."

ಅಜ್ಜಿ ಕೂತು ಬೇಯಿಸಿದ ಒಲೆ ಅದು. ಅವ್ವ ಕಲಿತದ್ದೂ ಅಲ್ಲಿಯೇ. ಅಲ್ಲಿ ಕುಕ್ಕರಗಾಲಿನಲ್ಲಿ ಕೂತು, ಗಡಿಗೆಯಲ್ಲಿ ಕಡಗೋಲು ತಿರುವುತ್ತಿದ್ದಾಗ ಎಂಥದೋ ಆನಂದವಾಯಿತು ನನಗೆ. ಇಷ್ಟು ವರ್ಷ ಈ ಸುಖವನ್ನು ಹೆಂಗಸರಿಗೇ ಬಿಟ್ಟುಕೊಟ್ಟು ಕೂತಿದ್ದೆನಲ್ಲ ಅನಿಸಿತು. (ಹೊಗೆಯನ್ನೂ ಅವರಿಗೇ ಬಿಟ್ಟಿದ್ದೆ ಎಂಬುದು ಆಗ ಹೊಳೆಯಲಿಲ್ಲ.)

"ಖರೇ ಹೇಳ್ತೀನಿ ಕೇಳು," ಎಂದಳು ಚಿಕ್ಕವ್ವ, "ಸಣ್ಣಾಂವ ಇದ್ದಾಗ ಈ ಪಲ್ಯ ಅಂದ್ರ ಎದ್ದು ಓಡತಿದ್ದಿ ನೀನು."

ಪಾಪ, ವಯಸ್ಸಾಯಿತು, ನೆನಪು ಹಿಂದುಮುಂದಾಗಿದೆ ಎಂದುಕೊಂಡೆ.

ಸೊಪ್ಪಿನ ದೊಡ್ಡ ಗಂಟಿನೊಂದಿಗೆ ಬಸ್ ಹತ್ತಿದರೆ ಕಂಡಕ್ಟರ್, "ಯಜಮಾನ್ರ, ಎಮ್ಮಿ ಎಷ್ಟು ಹಾಲು ಕೊಡತೈತ್ರಿ?" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. ಗೆದ್ದು ಬರುತ್ತಿದ್ದವನಿಗೆ ನಗಲಿಕ್ಕೇನು?

ಮನೆಗೆ ಬಂದು ನಾನೇ ಬೇಯಿಸಿದೆ, ನಾನೇ ಮಸೆದೆ, ಒಗ್ಗರಣೆ ಕೊಟ್ಟೆ. ಅಕ್ಕೋರು ಕರೆಯದೇ ಬಂದು ಕೂತಿದ್ದರು. ಇಬ್ಬರಿಗೂ ಬಡಿಸಿ, ನಾನೂ ಒಂದು ತುತ್ತು ಬಾಯಿಗಿಟ್ಟೆ.

ಹಲ್ಲು ಜುಂ ಎಂದವು. ಹುಳಿ ಎಂದರೆ ಹುಳಿ! ನುಂಗಲಾಗಲಿಲ್ಲ.

ಶಂಕ್ರವ್ವ ಮಾತ್ರ ಕಣ್ಣು ಮುಚ್ಚಿ ಉಣ್ಣುತ್ತಿದ್ದಳು. "ಇದ ನೋಡ್ರಿ ಅಕ್ಕೋರ, ನಮ್ಮತ್ತಿ ಕೈ ರುಚಿ. ಎಷ್ಟು ವರ್ಷ ಆಗಿತ್ತು ಉಂಡು!"

"ಏನಂತಿ? ಅವ್ವ ಹಿಂಗ ಮಾಡತಿದ್ದಿಲ್ಲ. ಚಿಕ್ಕವ್ವ ಮರತಾಳ," ಎಂದೆ.

"ಹಿಂಗ ಮಾಡತಿದ್ರು."

"ಹಂಗಾರ ನಾ ಇಷ್ಟು ದಿನ ಉಂಡಿದ್ದು ಯಾವುದು?"

ಅವಳು ರೊಟ್ಟಿ ಮುರಿಯುತ್ತ, ತಲೆ ಎತ್ತದೆ ಹೇಳಿದಳು. "ನಂದು."

ಆ ಕಾಲದ ನಮ್ಮ ಮನೆಗಳು ನಿಮಗೆ ಗೊತ್ತು. ಅತ್ತೆ ಇರುವ ತನಕ ಸೊಸೆ ಗಂಡನ ಮುಂದೆ ಬಂದು ಬಡಿಸುವಂತಿರಲಿಲ್ಲ. ಶಂಕ್ರವ್ವ ಗಜೇಂದ್ರಗಡದಿಂದ ಬಂದು ವರ್ಷ ತುಂಬುವುದರೊಳಗೆ ಅವ್ವನ ಕಣ್ಣಿಗೆ ಹೊಗೆ ತಡೆಯದಾಯಿತಂತೆ. ಒಲೆ ಸೊಸೆಗೆ ಬಂತು. ಬಡಿಸುವುದು ಅತ್ತೆಯ ಬಳಿಯೇ ಉಳಿಯಿತು. ಶಂಕ್ರವ್ವ ತನ್ನ ತವರಿನ ಪದ್ಧತಿಯಂತೆ ಸೊಪ್ಪು ಕುದಿಸಿ, ಹುಳಿನೀರು ಬಸಿದು, ಬೆಳ್ಳುಳ್ಳಿ ಹೆಚ್ಚು ಹಾಕಿ ಮಾಡುತ್ತಿದ್ದಳು. ನಾನು ಪಡಸಾಲೆಯಲ್ಲಿ ಕೂತು, "ಅವ್ವಾ, ನಿನ್ನ ಕೈಯಾಗ ಏನೈತಿ!" ಎನ್ನುತ್ತಿದ್ದೆ. ಬಾಗಿಲ ಹಿಂದೆ ಅವಳು ಕೇಳಿಸಿಕೊಳ್ಳುತ್ತಿದ್ದಳು.

ಅವ್ವ ತೀರಿಕೊಂಡ ಮೇಲೆ ಶಂಕ್ರವ್ವ ಮೊದಲ ಸಲ ತಾನೇ ಬಡಿಸಿದಳು. ಅದೇ ಗಡಿಗೆ, ಅದೇ ಪಲ್ಯ. ನಾನು ಹೇಳಿದ್ದು, "ಅವ್ವ ಮಾಡಿಧಂಗ ಆಗಿಲ್ಲ." ಅಂದಿನಿಂದ ಮೊನ್ನೆಯ ತನಕ ಅದನ್ನೇ ಹೇಳುತ್ತ ಬಂದೆ.

"ಅವಾಗ ಹೇಳಬಾರದಾ?" ಎಂದೆ.

"ಹ್ಯಾಂಗ ಹೇಳ್ಲಿ? ನೀವು ಹಂಗ ಅಂದಾಗೆಲ್ಲ ಅತ್ತಿಯವರು ಒಳಗ ಬಂದು ನನ್ನ ಬೆನ್ನ ಮ್ಯಾಲೆ ಕೈಯಾಡಸ್ತಿದ್ರು. ಇಬ್ಬರೂ ನಿಮ್ಮನ್ನ ನೆನಸಿ ನಗತಿದ್ವಿ. ಅವರು ಹೋದ ಮ್ಯಾಲೆ ಅವರ ಹೆಸರು ಕಸಗೊಳ್ಳಲೇನು? ನೀವು ಮನಿಯಾಗ ಅಂದದ್ದೆಲ್ಲಾ ಬಿಟ್ಟೆ. ಬರೀ ಸೊಪ್ಪು ಅಂತ ಊರಿಗೆಲ್ಲಾ ಹೇಳಿದ್ರಿ ನೋಡ್ರಿ, ಅದು ಮನಸ್ಸಿಗೆ ಹತ್ತೇತಿ."

ಅಕ್ಕೋರು ತಲೆಯೆತ್ತಿ ಮಾಳಿಗೆಯ ಜಂತಿ ನೋಡುತ್ತಿದ್ದರು.

"ತಪ್ಪಾತು," ಎಂದೆ.

"ಅಕ್ಕೋರ ಮುಂದ ಅಂದ್ರ ಏನ್ ಬಂತು? ಎಲ್ಲೆ ಬರದೀರೋ ಅಲ್ಲೇ ಬರೀರಿ. ಆಮ್ಯಾಲೆ ಮಾಡ್ತೀನಿ."

ಅದಕ್ಕೇ ಬರೆಯುತ್ತಿದ್ದೇನೆ. ನಾನು ಹೊಗಳಿದ ಪಲ್ಯ ಶಂಕ್ರವ್ವನದು, ನಾನು ಹಳಿದದ್ದೂ ಅದನ್ನೇ. ಅಕ್ಕೋರು ಇದನ್ನೂ ಗಟ್ಟಿಯಾಗಿ ಓದಲಿ.

ಒಲೆಯನ್ನಂತೂ ನಾನಿನ್ನು ಬಿಡುವವನಲ್ಲ. ಕೊಣ್ಣೂರಿನ ಹುಳಿ ಪಲ್ಯ ಈಗ ನನ್ನ ಪಾಲಿನ ಕೆಲಸ. ಶಂಕ್ರವ್ವ ತಾಟು ಬಳಿದು ಉಣ್ಣುತ್ತಾಳೆ, ಅತ್ತೆಯನ್ನು ನೆನೆಯುತ್ತಾಳೆ. ಮುಂದಿನ ವಾರ ಕಡಲೆಹಿಟ್ಟಿನ ಜುಣಕ ಕಲಿಸುತ್ತಾಳಂತೆ. ಅವಳು ರೊಟ್ಟಿ ಬಡಿಯುತ್ತಾಳೆ, ನಾನು ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತೇನೆ. ಇಷ್ಟು ಮಾತು ನಾವಿಬ್ಬರು ಮದುವೆಯಾದ ಹೊಸತರಲ್ಲೂ ಆಡಿರಲಿಲ್ಲ.

ಅದಿರಲಿ, ಊಟಕ್ಕೆ ಕೂತಾಗ 'ನಮ್ಮವ್ವನ ಕೈರುಚಿ' ಎಂದು ಹೊಗಳುತ್ತೀರಲ್ಲ, ಎದ್ದು ಒಳಗೆ ಹೋಗಿ ಒಲೆಯ ಮುಂದೆ ಯಾರಿದ್ದಾರೆಂದು ಒಮ್ಮೆಯಾದರೂ ನೋಡಿದ್ದೀರಾ?