ಕರೆವ್ವನ ಅರ

ಹಾನಗಲ್ಲಿನ ಮರದ ಡಿಪೋದಲ್ಲಿ ನೀಲಪ್ಪನ ಗರಗಸಕ್ಕೆ ಹೆಸರಿತ್ತು. ದಿಮ್ಮಿಯ ಮೇಲೊಬ್ಬ, ಕೆಳಗೊಬ್ಬ ನಿಂತು ಎಳೆಯುವ ಉದ್ದನೆಯ ಗರಗಸ. ಉಳಿದವರದು ಮಧ್ಯಾಹ್ನಕ್ಕೇ ಮೊಂಡಾಗಿ ಮರವನ್ನು ಕಚ್ಚಿಕೊಂಡು ನಿಂತರೆ, ಅವನದು ಹೊತ್ತು ಮುಳುಗುವತನಕ ಕೊಯ್ಯುತ್ತಿತ್ತು. ಅದರ ಹಲ್ಲುಗಳನ್ನು ಅರದಿಂದ ಉಜ್ಜಿ ಹರಿತ ಮಾಡುತ್ತಿದ್ದವಳು ಅವನ ಹೆಂಡತಿ ಕರೆವ್ವ ಎಂಬುದು ಡಿಪೋದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮದುವೆಯಾದ ವರ್ಷವೇ ದಿಮ್ಮಿಯೊಂದು ಉರುಳಿ ನೀಲಪ್ಪನ ಬಲಗೈ ಹೆಬ್ಬೆರಳು ಜಜ್ಜಿಹೋಗಿತ್ತು. ಗರಗಸ ಎಳೆಯಲು ಅಡ್ಡಿಯಿರಲಿಲ್ಲ, ಆದರೆ ಅರ ಹಿಡಿದರೆ ಕೈ ನಿಲ್ಲುತ್ತಿರಲಿಲ್ಲ. ಆಗ ಮಾವ ಸೊಸೆಯನ್ನು ಕೂರಿಸಿಕೊಂಡು ಕಲಿಸಿದ. ‘ಒಂದು ಹಲ್ಲಿಗೆ ಎಷ್ಟು ಎಳಿತೀಯೋ ಎಲ್ಲಾ ಹಲ್ಲಿಗೂ ಅಷ್ಟ ಎಳಿಯವ್ವ. ಒಂದು ಎತ್ತರಾತು ಅಂದ್ರ ಗರಗಸ ಓರೆ ಹೋಗತೈತಿ’ ಎಂದಿದ್ದ. ಮಾವ ತೀರಿಕೊಂಡ. ಕೆಲಸ ಅವಳಿಗೇ ಉಳಿಯಿತು. ಮನೆಯಲ್ಲಿ ಗರಗಸಗಳು ಎರಡು. ಒಂದು ಡಿಪೋದಲ್ಲಿದ್ದಾಗ ಇನ್ನೊಂದು ಅವಳ ಮುಂದೆ, ಎರಡು ಹಲಗೆಗಳ ನಡುವೆ ಹಲ್ಲು ಮೇಲಾಗಿ ನಿಂತಿರುತ್ತಿತ್ತು. ರೊಟ್ಟಿ ಬಡಿದು, ದನಕ್ಕೆ ಮೇವು ಹಾಕಿ ಬಂದು ಕೂತರೆ ಏಳುವಾಗ ಸೊಂಟ ನೆಟ್ಟಗಾಗುತ್ತಿರಲಿಲ್ಲ. ಅರದ ಕಿರ್ರೆನ್ನುವ ಸದ್ದು ಊಟಕ್ಕೆ ಕೂತಾಗಲೂ ದವಡೆಯಲ್ಲಿ ಇರುತ್ತಿತ್ತು.

ಎರಡನೇ ಮಹಾಯುದ್ಧ ಜೋರಾದ ವರ್ಷ ಡಿಪೋದ ಕೆಲಸ ಇಮ್ಮಡಿಯಾಯಿತು. ರೈಲು ಹಳಿಯ ಕೆಳಗೆ ಹಾಕುವ ತೊಲೆಗಳನ್ನು ಹೇರಿಕೊಂಡು ಚಕ್ಕಡಿಗಳು ಯಲವಿಗಿ ಸ್ಟೇಷನ್ನಿಗೆ ಹೋಗುತ್ತಲೇ ಇದ್ದವು. ಹೊಸ ಅರ ಹುಬ್ಬಳ್ಳಿಯಲ್ಲೂ ಸಿಗದಾಯಿತು. ಸವೆದ ಅರದಿಂದ ಒಂದಕ್ಕೆರಡು ಹೊತ್ತು ಉಜ್ಜಬೇಕು. ಅಂಥ ದಿನಗಳಲ್ಲೇ ಡಿಪೋದ ಧಣಿ ಮಹಾಲಿಂಗಪ್ಪನವರು ಎಣ್ಣೆ ಇಂಜಿನ್ನಿನಿಂದ ತಿರುಗುವ ಸಾಣೆಗಾಲಿ ತರಿಸಿದರು.

‘ಎಲೆ ಅಡಿಕೆ ಹಾಕ್ಕೊಳ್ಳೂದ್ರಾಗ ಒಂದು ಗರಗಸ ಮುಗೀತೈತಿ’ ಎಂದ ನೀಲಪ್ಪ ಮನೆಗೆ ಬಂದು. ‘ನೀ ಇನ್ನ ಅರ ಹಿಡಿಯೂದು ಬ್ಯಾಡ.’

ಕರೆವ್ವ ಅರವನ್ನು ಅರಿವೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟಳು. ಮರುದಿನ ಮಧ್ಯಾಹ್ನ ನೆರೆಮನೆಯ ಹಾಜರಾಬಿ ಬಂದಾಗ ಅವಳು ಪಡಸಾಲೆಯಲ್ಲಿ ಸುಮ್ಮನೆ ಅಡ್ಡಾಗಿದ್ದಳು.

‘ಮೈಯಾಗ ಆರಾಮಿಲ್ಲೇನವ್ವ?’

‘ಆರಾಮ ಐತಿ, ಅದಕ್ಕ ಮಲ್ಕೊಂಡೇನಿ’ ಎಂದಳು ಕರೆವ್ವ. ಹಾಜರಾಬಿ ನಕ್ಕು ಅವಳ ಪಕ್ಕದಲ್ಲೇ ಕೂತಳು.

ಈ ಸುಖ ಹೆಚ್ಚು ದಿನ ನಿಲ್ಲಲಿಲ್ಲ. ಗಾಲಿ ಕಿಡಿ ಹಾರಿಸುತ್ತ ಹಲ್ಲುಗಳನ್ನು ಕಾಸಿಬಿಡುತ್ತಿತ್ತು. ನೀಲಿಗಟ್ಟಿದ ಹಲ್ಲು ಮೆತ್ತಗಾಗಿ, ನಾಲ್ಕು ಹಲಗೆ ಕೊಯ್ಯುವಷ್ಟರಲ್ಲಿ ಮೊಂಡು. ಮತ್ತೆ ಗಾಲಿಗೆ ಹಿಡಿದರೆ ಇನ್ನಷ್ಟು ಕಬ್ಬಿಣ ಸವೆದು ಗರಗಸವೇ ಸಣ್ಣದಾಗುತ್ತ ಬಂತು. ನೀಲಪ್ಪ ರಟ್ಟೆ ಹಿಡಿದುಕೊಂಡು ಮನೆಗೆ ಬರುತ್ತಿದ್ದ. ರೊಟ್ಟಿ ಮುರಿಯಲೂ ಕೈ ಏಳುತ್ತಿರಲಿಲ್ಲ. ಕರೆವ್ವ ನೋಡುತ್ತಿದ್ದಳು, ಆದರೆ ಗೂಡಿನ ಕಡೆಗೆ ಹೋಗಲಿಲ್ಲ.

ಒಂದು ಸಂಜೆ ಮನೆಯ ಮುಂದೆ ಚಕ್ಕಡಿ ನಿಂತಿತು. ಅದರಲ್ಲಿ ಡಿಪೋದ ಗರಗಸಗಳೆಲ್ಲ ಇದ್ದವು.

‘ಧಣ್ಯಾರು ನನಗ ಅಂದ್ರು, ನಿನ್ನ ಕೈ ಚಲೋ ಐತಿ, ಎಲ್ಲಾ ನೀನ ಮಾಡು ಅಂತ. ನಾ ಹೂಂ ಅಂದೆ’ ಎಂದ ನೀಲಪ್ಪ, ಅವಳ ಮುಖ ನೋಡದೆ.

ಕರೆವ್ವ ಹೊಸ್ತಿಲ ಮೇಲೆ ಕೂತಳು. ಸಿಟ್ಟು ಮಾಡಲೂ ಅವಳಲ್ಲಿ ತ್ರಾಣವಿರಲಿಲ್ಲ.

‘ಯಾರ ಕೈ ಅಂತ ಹೇಳೀರೇನ್ರಿ?’

ಎತ್ತು ಬಿಚ್ಚಲು ಹೋದ ಅವನನ್ನು ಕರೆವ್ವ ತಡೆದಳು.

‘ನಮ್ಮ ಗರಗಸ ನಾ ಮಾಡಿದೆ, ನಮ್ಮ ಮನಿ ಕೆಲಸ ಅಂತ. ಇಷ್ಟು ನನ್ನ ಕೈಲೆ ಆಗೂದಿಲ್ಲ. ಇವನ್ನ ಹೊಳ್ಳಿ ಒಯ್ರಿ. ಯಾರು ಮಾಡತಾರಂತ ಹೇಳಿ, ಆಮ್ಯಾಲೆ ಬೇಕಾದ್ರ ತರ್ರಿ.’

ನೀಲಪ್ಪ ಚಕ್ಕಡಿ ಏರಿ ಕೂತ. ಎತ್ತುಗಳನ್ನು ತಿರುಗಿಸಿದ.

ಮರುದಿನ ಬೆಳಿಗ್ಗೆ ಮಹಾಲಿಂಗಪ್ಪನವರೇ ಬಂದರು. ಕರೆವ್ವ ಸೆರಗು ಹೊದ್ದು ಬಾಗಿಲ ಮರೆಯಲ್ಲಿ ನಿಂತಳು.

‘ನಿನ್ನ ಗಂಡ ಹೇಳಿದ. ಮೊದಲು ನಂಬಲಿಲ್ಲ ನಾ’ ಎಂದರು ಅವರು. ‘ಗಾಲಿ ಬಿಟ್ರ ಕೆಲಸ ಸಾಗೂದಿಲ್ಲ, ಬರೇ ಗಾಲಿಲೆ ಗರಗಸ ಉಳಿಯೂದಿಲ್ಲ. ಏನ್ ಮಾಡೂಣವ್ವ?’

‘ಮರದಾಗಿನ ಮೊಳೆ ತಾಗಿ ಹಲ್ಲು ಮುರಿದಿದ್ರ ಗಾಲಿಗೆ ಹಿಡೀರಿ, ನೀರು ಹನಿಸಿಕೋತ, ಹಗೂರಕ. ಕಡೀಕ ನಾ ಅರ ಎಳಿತೇನಿ. ಡಿಪೋಕ್ಕ ಬಂದು ಕುಂದರ್ತೇನಿ, ಮನಿಗೆ ಬ್ಯಾಡ. ಆದ್ರ ಆದಷ್ಟ ಮಾಡಾಕಿ, ಎಲ್ಲಾನೂ ಅಲ್ಲ.’

ಅವರು ಒಪ್ಪಿದರು. ಅವತ್ತಿನಿಂದ ಕರೆವ್ವ ಡಿಪೋದ ಹುಣಸೆಮರದ ಕೆಳಗೆ ಹಲಗೆ ಹೂಡಿ ಕೂತಳು. ಮೊದಮೊದಲು ಕೊಯ್ಯುವವರು ನಿಂತು ನೋಡಿ ನಗುತ್ತಿದ್ದರು. ಆಮೇಲೆ ತಮ್ಮ ಗರಗಸವೇ ಮೊದಲಾಗಬೇಕೆಂದು ಜಗಳಾಡತೊಡಗಿದರು. ನೀಲಪ್ಪ ಕೆಲಸದ ನಡುವೆ ಒಂದು ಚರಿಗೆ ನೀರು ತಂದು ಅವಳ ಬಳಿ ಇಟ್ಟುಹೋಗುತ್ತಿದ್ದ. ಹೊತ್ತು ಇಳಿದರೆ ಅವಳು ಅರ ಕೆಳಗಿಡುತ್ತಿದ್ದಳು. ಯಾರು ಕರೆದರೂ ಎತ್ತುತ್ತಿರಲಿಲ್ಲ.

ಯುದ್ಧ ಮುಗಿದು ತೊಲೆಗಳ ಬೇಡಿಕೆ ತಗ್ಗಿದಾಗ ಡಿಪೋ ಮುಚ್ಚಿತು. ಅಷ್ಟರಲ್ಲಿ ಅವಳ ಕಿವಿ ಮಂದವಾಗಿತ್ತು, ಎಡಗೈ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಮಹಾಲಿಂಗಪ್ಪನವರು ಸವಣೂರಿನಲ್ಲಿ ಹೊಸ ಕಾರಖಾನೆ ಹಾಕುತ್ತೇವೆಂದು, ಇಬ್ಬರೂ ಬನ್ನಿರೆಂದು ಹೇಳಿಕಳಿಸಿದರು.

‘ಹೋಗೂಣೇನು?’ ಎಂದು ನೀಲಪ್ಪ ಕೇಳಿದ. ಎರಡು ಸಲ ಕೇಳಬೇಕಾಯಿತು.

‘ನೀವು ಹೋಗ್ರಿ’ ಎಂದಳು ಕರೆವ್ವ. ‘ನನಗ ಸಾಕಾಗೈತಿ.’

ಅವನೂ ಹೋಗಲಿಲ್ಲ. ದುಂಡಸಿಯಲ್ಲಿದ್ದ ಅವನ ಅಣ್ಣನ ಹೊಲವನ್ನು ಪಾಲಿಗೆ ಮಾಡಿಕೊಂಡು, ಮಳೆಗಾಲಕ್ಕೆ ಮೊದಲೇ ಇಬ್ಬರೂ ಅಲ್ಲಿಗೆ ನಡೆದರು.